ಗಾಯದ ‘ಡಿಸ್ಚಾರ್ಜ್’ಗೆ ರಸಿಗೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ‘ರಸಿಗೆ’ ಅನ್ನುವ ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಕಳೆದ ತಿಂಗಳು ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಬೆಳಿಗ್ಗೆ ಸೇರಿಸಿದೆವು, ಸಂಜೆಗೆ ಮನೆಗೆ ಕರೆತಂದೆವು. ಆಮೇಲೆ ದಿನಾ ಆಸ್ಪತ್ರೆಯ ನರ್ಸ್ ಫೋನ್ ಮಾಡಿ ವಿಚಾರಿಸುತ್ತಿದ್ದರು. ಬಹಳ ಸಮಾಧಾನದಿಂದ ಮಾತಾಡುವವರು. ಎರಡನೇ ದಿನ ಹೀಗಾಯಿತು:

“ಡಿಸ್ಚಾರ್ಜ್ ಏನಾದ್ರೂ ಇದೆಯಾ ಸರ್?”

“ಆಯ್ತಲ್ಲಮ್ಮ, ಮೊನ್ನೆ ಸಂಜೆನೇ ಮನೆಗೆ ಬಂದ್ವಿ.”

“ಅದಲ್ಲ ಸರ್, ಗಾಯದಿಂದ ಸ್ರಾವ ಇದೆಯಾ?”

“ಇಲ್ಲಮ್ಮ, ಏನೂ ಇಲ್ಲ.”

ನಾನು ಪಕ್ಕದಲ್ಲೇ ಕೂತಿದ್ದೆ. ಅಪ್ಪನ ಪಂಚೆಯ ಮೇಲೆ, ಸೊಂಟದ ಕೆಳಗೆ, ಎರಡು ರೂಪಾಯಿ ನಾಣ್ಯದಷ್ಟು ತೆಳು ಹಳದಿ ಕಲೆ ಕಾಣುತ್ತಿತ್ತು. “ರಸಿಗೆ ಬರ್ತಿದೆಯಲ್ಲಪ್ಪಾ?” ಅಂದೆ. “ಹೂಂ, ರಾತ್ರಿಯಿಂದ ಬರ್ತಿದೆ. ಅವರು ಅದನ್ನ ಕೇಳ್ಲಿಲ್ವಲ್ಲ” ಅಂದರು. ಅಪ್ಪನಿಗೆ ಸ್ರಾವ ಅಂದರೆ ರಕ್ತಸ್ರಾವ. ರಕ್ತ ಬಂದಿರಲಿಲ್ಲ, ಇಲ್ಲ ಅಂದರು. ಅದರಲ್ಲಿ ಅವರ ತಪ್ಪೇನಿದೆ? ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆವು. ಡಾಕ್ಟರ್ ನೋಡಿ, ಡ್ರೆಸಿಂಗ್ ಬದಲಾಯಿಸಿದರೆ ಸಾಕು ಅಂದರು. ಆದರೂ ನಾನು ಪಕ್ಕದಲ್ಲಿ ಇಲ್ಲದೇ ಹೋಗಿದ್ದರೆ ಅನ್ನುವ ಯೋಚನೆ ಹೋಗಲಿಲ್ಲ.

ಆಪರೇಷನ್ ಗಾಯ ಕೆಡುವುದೇನೋ ಅಂತ ಡಾಕ್ಟರುಗಳು ಕಡೇಪಕ್ಷ 30 ದಿನ ಗಮನ ಇಟ್ಟಿರುತ್ತಾರೆ. ಅದೇ ದಿನ ಮನೆಗೆ ಬಂದವರು ಆ 30 ದಿನವನ್ನೂ ಮನೆಯಲ್ಲೇ ಕಳೆಯುತ್ತಾರೆ. ಡಾಕ್ಟರುಗಳು ದೂರದಿಂದಲೇ ರೋಗಿಗೆ ಸಲಹೆ ಕೊಡುವುದಕ್ಕೆ (ಟೆಲಿಮೆಡಿಸಿನ್) 2020ರ ಮಾರ್ಚ್‌ನಲ್ಲಿ ಬಂದ ಸರ್ಕಾರಿ ಮಾರ್ಗಸೂಚಿ ವಿಡಿಯೊ, ಫೋನ್, ಮೆಸೇಜ್ ಮೂರಕ್ಕೂ ಒಪ್ಪಿಗೆ ಕೊಟ್ಟಿದೆ. ವಿಡಿಯೊದಲ್ಲಾದರೆ ಗಾಯ ತೋರಿಸಬಹುದು. ಬರೀ ಫೋನಿನಲ್ಲಿ ರೋಗಿ ಹೇಳಿದ್ದಷ್ಟೇ ಗೊತ್ತಾಗೋದು.

ಇದನ್ನು ಆ ನರ್ಸ್‌ಗೆ ಹೇಳಿದೆ. ಅವರು ಕೇಳುವ ಪ್ರಶ್ನೆಗಳ ಹಾಳೆಯನ್ನೇ ಕಳಿಸಿ, ತಿದ್ದಿಕೊಡ್ತೀರಾ ಅಂದರು. ‘ಮೂತ್ರ ವಿಸರ್ಜನೆ ಸರಾಗವೇ?’ ಅಂತ ಇತ್ತು. ‘ಒಂದಕ್ಕೆ ಸರಿಯಾಗಿ ಹೋಗ್ತಿದೆಯಾ, ಕಟ್ಟಿದ ಹಾಗಿದೆಯಾ?’ ಅಂತ ಮಾಡಿದೆ. ‘ಸೋಂಕು’ ಕಷ್ಟವಾಯಿತು. ಕೊರೊನಾ ಬಂದ ಮೇಲೆ ಸೋಂಕು ಅಂದರೆ ಒಬ್ಬರಿಂದ ಒಬ್ಬರಿಗೆ ಅಂಟುವುದು ಅಂತಲೇ ಜನರ ತಲೆಯಲ್ಲಿ ಕೂತಿದೆ. ಗಾಯಕ್ಕೆ ನಮ್ಮಲ್ಲಿ ‘ನಂಜು’ ಅನ್ನುತ್ತೇವೆ. ಆದರೆ ನಂಜು ಅಂದ ಕೂಡಲೇ ಹಿರಿಯರು ಬದನೆಕಾಯಿ ತಿನ್ನಬಾರದು ಅನ್ನುವ ಮಾತಿಗೆ ಹೋಗುತ್ತಾರೆ. ಅದಕ್ಕೇ ಎರಡನ್ನೂ ಬಿಟ್ಟು, ‘ಗಾಯದ ಸುತ್ತ ಕೆಂಪಾಗಿದೆಯಾ, ಊದಿದೆಯಾ, ಮುಟ್ಟಿದರೆ ಬಿಸಿ ಇದೆಯಾ?’ ಅಂತ ಬರೆದೆ.

ಈಗ ರಸಿಗೆ. ಹಾಸನ ಕಡೆಯ ನಮ್ಮ ಮನೆಯಲ್ಲಿ ತೆಳ್ಳಗೆ ನೀರಿನ ಹಾಗೆ ಒಸರಿದರೆ ರಸಿಗೆ. ಗಟ್ಟಿಯಾಗಿ, ವಾಸನೆ ಬಂದರೆ ಕೀವು. ಡಾಕ್ಟರಿಗೆ ಬೇಕಾಗಿರುವುದೂ ಇದೇ ವ್ಯತ್ಯಾಸ. ಮೊದಲ ಒಂದೆರಡು ದಿನ ತೆಳ್ಳಗೆ ಸ್ವಲ್ಪ ಬಂದರೆ ಸಾಮಾನ್ಯವಾಗಿ ಗಾಬರಿ ಇಲ್ಲ. ಕೀವು ಬಂದರೆ ತಕ್ಷಣ ತೋರಿಸಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ ಡಿಸ್ಚಾರ್ಜ್ ಅಂದುಬಿಡುತ್ತಾರೆ, ನಮ್ಮಲ್ಲಿ ಬೇರೆ ಬೇರೆ ಪದವೇ ಇದೆ. ಕೀವು ಎಷ್ಟು ಹಳೆಯ ಪದ ನೋಡಿ: ತೆಲುಗಿನಲ್ಲಿ ಚೀಮು, ತಮಿಳಿನಲ್ಲಿ ಚೀಳ್. ನಮ್ಮ ಕಿವಿ ಅವರಲ್ಲಿ ಚೆವಿ ಆದ ಹಾಗೆಯೇ.

ತೊಡಕು ಏನೆಂದರೆ, ನಿಘಂಟು ತೆಗೆದರೆ ರಸಿಗೆಗೆ ಕೀವು ಅಂತಲೇ ಅರ್ಥ ಕೊಟ್ಟಿದೆ. ಹಾಗಾದರೆ ನಾವು ಮಾಡುವ ವ್ಯತ್ಯಾಸ ನಮ್ಮ ಕಡೆಯದು ಮಾತ್ರವಾ? ಧಾರವಾಡ, ಕಲಬುರಗಿ, ಕರಾವಳಿ, ಕೋಲಾರದ ಕಡೆ ಏನನ್ನುತ್ತೀರಿ? ತೆಳ್ಳಗೆ ಬರುವುದಕ್ಕೆ ಬೇರೆ ಪದವೇ ಇದೆಯಾ? ಮನೆಯ ಹಿರಿಯರನ್ನು ಒಂದು ಮಾತು ಕೇಳಿ, ಊರಿನ ಹೆಸರಿನ ಜೊತೆ ಬರೆಯಿರಿ.

ಸದ್ಯಕ್ಕೆ ಹಾಳೆಯಲ್ಲಿ ಹೀಗಿದೆ: ‘ಗಾಯದ ಬಟ್ಟೆ ಒದ್ದೆ ಆಗಿದೆಯಾ? ಬರ್ತಿರೋದು ನೀರಿನ ಹಾಗಿದೆಯಾ, ಗಟ್ಟಿ ಇದೆಯಾ? ವಾಸನೆ ಇದೆಯಾ?’ ಪಕ್ಕದಲ್ಲಿ ರಸಿಗೆ, ಕೀವು ಎರಡನ್ನೂ ಬರೆದಿಟ್ಟಿದ್ದೇನೆ. ಸೋಮವಾರ ಅವರಿಗೆ ಕೊಡಬೇಕು.