ಭಾಗ್ಯನಗರದ ಸಣ್ಣ ಹೊಸ ಮನೆಯೋ, ಹಳೇ ಕೊಪ್ಪಳದ ದೊಡ್ಡ ಮಾಳಿಗೆ ಮನೆಯೋ?

ಪಡಸಾಲೆ ಕೊಪ್ಪಳ:

ನಮಸ್ಕಾರ ಎಲ್ಲರಿಗೂ. ಎರಡು ಮನೆ ನೋಡಿದ್ದೇವೆ, ಯಾವುದನ್ನು ಹಿಡಿಯಬೇಕು ಅಂತ ತಿಳೀತಿಲ್ಲ. ನಮ್ಮ ಭಾಗದಲ್ಲಿ ಮನೆ ಕಟ್ಟಿಸಿದವರು, ಹಳೇ ಮನೆ ರಿಪೇರಿ ಮಾಡಿಸಿದವರು ಇದ್ರೆ ದಯವಿಟ್ಟು ಹೇಳಿ.

ಒಂದು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದೆ. 20 ಬೈ 30 ಸೈಟು, ಹೊಸದಾಗಿ ಕಟ್ಟಿದ ಎರಡು ಬೆಡ್‌ರೂಮಿನ ಮನೆ. ಟೈಲ್ಸ್, ಬಣ್ಣ, ಬೋರು, ಸಂಪು ಎಲ್ಲ ಆಗಿದೆ, ಹಾಲು ಉಕ್ಕಿಸಿ ಒಳಗೆ ಹೋಗೋದಷ್ಟೇ ಬಾಕಿ. 34 ಲಕ್ಷ ಹೇಳುತ್ತಿದ್ದಾರೆ. ಆದರೆ ಬಹಳ ಇಕ್ಕಟ್ಟು. ಅಡುಗೆಮನೆಯಲ್ಲಿ ಗ್ರೈಂಡರ್ ಇಟ್ಟರೆ ಫ್ರಿಜ್‌ಗೆ ಜಾಗ ಇಲ್ಲ, ನಾಲ್ಕು ಜನ ನೆಂಟರು ಬಂದರೆ ಎಲ್ಲಿ ಮಲಗಿಸೋದು ಅನ್ನೋ ಚಿಂತೆ.

ಇನ್ನೊಂದು ಹಳೇ ಕೊಪ್ಪಳದ ಓಣಿ ಒಳಗೆ. 30 ಬೈ 70 ಜಾಗ, ಕಲ್ಲು ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಅಂದರೆ ಕಟ್ಟಿಗೆ ಮೇಲೆ ಮಣ್ಣು ಹಾಕಿದ ಚಾವಣಿ. ಎರಡು ಅಡಿಗಿಂತ ದಪ್ಪ ಗೋಡೆ, ಕಟ್ಟಿಗೆ ಕಂಬದ ದೊಡ್ಡ ಪಡಸಾಲೆ, ದೇವರ ಕೋಣೆ, ಹಿತ್ತಲಲ್ಲಿ ಬಾವಿ, ಬೇವಿನ ಮರ. ಮೇ ತಿಂಗಳ ಮಧ್ಯಾಹ್ನ ನೋಡೋಕೆ ಹೋಗಿದ್ದೆವು, ಒಳಗೆ ಕಾಲಿಟ್ಟ ತಕ್ಷಣ ಮೈ ತಣ್ಣಗಾಯಿತು. ಆದರೆ ಬಹಳ ವರ್ಷದಿಂದ ಬೀಗ ಹಾಕಿಟ್ಟಿದ್ದಾರೆ. ಹಿಂದಿನ ಎರಡು ಕೋಣೆಯಲ್ಲಿ ಮಾಳಿಗೆ ಸೋರಿ ಗೋಡೆ ಮೇಲೆಲ್ಲ ಕೆಸರಿನ ಕಲೆ ಇಳಿದಿದೆ. ಪಾಯಿಖಾನೆ ಹಿತ್ತಲ ಮೂಲೆಯಲ್ಲಿ. ವೈರಿಂಗ್ ಪೂರ್ತಿ ಹಳೇದು. 30 ಲಕ್ಷ ಕೇಳುತ್ತಿದ್ದಾರೆ. ಒಬ್ಬ ಮೇಸ್ತ್ರಿ 8 ಲಕ್ಷದಲ್ಲಿ ಎಲ್ಲ ಸರಿ ಮಾಡಿಕೊಡ್ತೀನಿ ಅಂದ. ಇನ್ನೊಬ್ಬ ಒಳಗೆ ಬಂದವನೇ "ಕೆಡವಿ ಹೊಸದು ಕಟ್ಟಿಸ್ರಿ" ಅಂದ.

ಕೈಯಲ್ಲಿ 11 ಲಕ್ಷ ಇದೆ. ಬ್ಯಾಂಕಿನವರು 25 ಲಕ್ಷದವರೆಗೆ ಸಾಲ ಕೊಡಬಹುದು ಅಂದಿದ್ದಾರೆ. ಈಗ ಬಾಡಿಗೆ 7,500. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಮೊಣಕಾಲು ನೋವಿರೋ ಅತ್ತೆ. ಯಜಮಾನರು ದೊಡ್ಡ ಮನೇನೇ ಬೇಕು ಅಂತಾರೆ. ನನಗೂ ಆ ಪಡಸಾಲೆ ಕಣ್ಣಲ್ಲೇ ಇದೆ, ಆದ್ರೆ ಭಯ ಆಗುತ್ತದೆ.

ಸೈಟ್ ಇಂಜಿನಿಯರ್ ಗಂಗಾವತಿ:

ಅಕ್ಕ, ಆ ಇಬ್ಬರು ಮೇಸ್ತ್ರಿಗಳು ಮಾಳಿಗೆ ಹತ್ತಿ ನೋಡಿದ್ರಾ? ಹತ್ತದೆ ಹೇಳಿದ ರೇಟು ಲೆಕ್ಕಕ್ಕೆ ಬರಲ್ಲ, ಅದು 8 ಲಕ್ಷ ಇರಲಿ, ಕೆಡವಿ ಅನ್ನೋ ಮಾತಿರಲಿ.

ಮಾಳಿಗೆ ಮನೆಯ ಜೀವ ಇರೋದು ತೊಲೆಯ ತುದಿಯಲ್ಲಿ. ನಡುವೆ ತೊಲೆ ಗಟ್ಟಿಯಾಗೇ ಕಾಣುತ್ತದೆ, ಆದರೆ ಗೋಡೆ ಒಳಗೆ ಕೂತಿರೋ ತುದಿ ನೀರು ಕುಡಿದು ಮೊದಲು ಕೊಳೆಯುತ್ತದೆ. ಏಣಿ ಹಾಕಿ ಹತ್ತಿ, ಗೋಡೆ ಸೇರೋ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸುಮ್ನೆ ಒಳಗೆ ಹೋದರೆ ಆ ತೊಲೆ ಹೋಯಿತು ಅಂತ. ಜಂತಿ (ತೊಲೆ ಮೇಲಿನ ಅಡ್ಡ ಮರ) ಪಕ್ಕ ಗೆದ್ದಲಿನ ಮಣ್ಣಿನ ಗೆರೆ ಇದೆಯಾ ನೋಡಿ. ಗೋಡೆ ಹೊಟ್ಟೆ ಬಿಟ್ಟಿದೆಯಾ ಅಂತ ದಾರಕ್ಕೆ ಗುಂಡು ಕಟ್ಟಿ ಮೇಲಿಂದ ಇಳಿಬಿಟ್ಟು ನೋಡಿ.

ಇನ್ನೊಂದು, ಮಾಳಿಗೆ ಮೇಲೆ ಎಷ್ಟು ದಪ್ಪ ಮಣ್ಣಿದೆ ಅಂತ ಒಂದು ಕಡೆ ಕೆದಕಿಸಿ. ಹಿಂದಿನವರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸೋರೋ ಕಡೆ ಸೌಳು (ಉಪ್ಪಿನಂಶದ) ಮಣ್ಣು ಹಾಕುತ್ತಿದ್ದರು. ಸೌಳು ನೆನೆದರೆ ಸಂದು ಮುಚ್ಚಿಕೊಳ್ಳುತ್ತದೆ, ನೀರು ಇಳಿಯಲ್ಲ, ಅದು ಒಳ್ಳೆಯದೇ. ಆದರೆ ಹಳೇದನ್ನು ತೆಗೆಯದೆ ಮೇಲೆ ಮೇಲೆ ಹಾಕಿ ಹಾಕಿ ಭಾರ ಜಾಸ್ತಿಯಾಗಿರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನೆನಪಿದೆ ಅಲ್ವಾ? ರಾಯಚೂರು, ಕೊಪ್ಪಳ, ಬಳ್ಳಾರಿ ಹಳ್ಳಿಗಳಲ್ಲಿ ಹೊಳೆ ನೀರು ಬರದ ಕಡೆಯೂ ಮಣ್ಣಿನ ಮನೆ ಕುಸಿದವು. ಮೇಲೆ ಮಾಳಿಗೆ ಮಣ್ಣು ನೆಂದು ಭಾರ, ಕೆಳಗೆ ಗೋಡೆ ನೆಂದು ಮೆತ್ತಗೆ.

ಯಾರಾದ್ರೂ ಬಂದು "ಮಾಳಿಗೆ ತೆಗೆದು ಇದೇ ಗೋಡೆ ಮೇಲೆ ಆರ್‌ಸಿಸಿ (ಕಾಂಕ್ರೀಟ್) ಸ್ಲ್ಯಾಬ್ ಹಾಕಿಬಿಡೋಣ" ಅಂದರೆ ಅವರನ್ನು ಬಾಗಿಲಿಂದಲೇ ಕಳಿಸಿ. ಮಣ್ಣಿನಲ್ಲಿ ಕಟ್ಟಿದ ಗೋಡೆ ಮೇಲೆ ಸ್ಲ್ಯಾಬ್ ಹಾಕಬೇಕಾದರೆ ಬೇರೆ ಕಾಲಂ, ಬೀಮ್ ಬೇಕು. ಇಲ್ಲ, ಕಬ್ಬಿಣದ ಗರ್ಡರ್ ಹಾಕಿ ಪರಸಿ (ಕಲ್ಲಿನ ಚಪ್ಪಡಿ) ಹಾಸಬಹುದು. ಹಾಗೇ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಒಳಗಿನ ತೇವ ಆಚೆ ಬರೋಕೆ ದಾರಿ ಇಲ್ಲದೆ ಗಿಲಾವು ಹಪ್ಪಳ ಎದ್ದು ಉದುರುತ್ತದೆ. ಸುಣ್ಣದ ಗಾರೆಯೇ ಆಗಬೇಕು, ಅದು ಗೊತ್ತಿರೋ ಕೆಲಸಗಾರರು ಈಗ ಕಡಿಮೆ.

ಹೊಸ ಮನೆ ಅಂತ ಅದನ್ನೂ ಸುಮ್ನೆ ನಂಬಬೇಡಿ. ಸೈಟು ಎರೆ (ಕಪ್ಪು) ಮಣ್ಣಿನದಾ ಕೇಳಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿ ಗರಸು (ಗಟ್ಟಿ ಜಲ್ಲಿ ಮಣ್ಣು) ಸಿಗೋವರೆಗೆ ಇಳಿಸದೆ ಕಟ್ಟಿದ್ದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಹೊಸ ಬಣ್ಣದಲ್ಲಿ ಅದು ಕಾಣಲ್ಲ. ಕಿಟಕಿ, ಬಾಗಿಲ ಮೂಲೆ ಮೇಲೆ ಮಾತ್ರ ಬೇರೆ ಪುಟ್ಟಿ ಮೆತ್ತಿದ ಗುರುತು ಇದ್ರೆ ಅನುಮಾನ ಪಡಿ.

ಬಳ್ಳಾರಿ ಕಾಗದ ಪತ್ರ:

ನಿಮ್ಮ ಲೆಕ್ಕದಲ್ಲಿ ರಿಜಿಸ್ಟ್ರೇಷನ್ ಖರ್ಚು ಕಾಣಲಿಲ್ಲ ಮೇಡಂ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ ಪಟ್ಟಣದಲ್ಲಿ 5.6. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6 ಪರ್ಸೆಂಟ್. 34 ಲಕ್ಷಕ್ಕೆ 2 ಲಕ್ಷ 58 ಸಾವಿರ, 30 ಲಕ್ಷಕ್ಕೆ 2 ಲಕ್ಷ 28 ಸಾವಿರ. ಇದು ನಿಮ್ಮ ಕೈಯಿಂದಲೇ ಹೋಗಬೇಕು. ಅಂದರೆ ಭಾಗ್ಯನಗರದ ಮನೆಗೇ 36 ಲಕ್ಷ 58 ಸಾವಿರ ಆಯಿತು, ನಿಮ್ಮ ಹತ್ತಿರ ಇರೋದು ಸಾಲ ಸೇರಿ 36. ಚೌಕಾಸಿ ಮಾಡದೆ ಅದೂ ಆಗಲ್ಲ.

ಹಳೇ ಮನೆಗೆ ಬ್ಯಾಂಕಿನ ವ್ಯಾಲ್ಯುಯರ್ ಬಂದಾಗ ಮಣ್ಣಿನ ಕಟ್ಟಡಕ್ಕೆ ಹೆಚ್ಚು ಬೆಲೆ ಕಟ್ಟಲ್ಲ, ಹಾಗಾಗಿ 25 ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ರಿಪೇರಿಗೆ ಬೇರೆ ಸಾಲ ಕೇಳಿದರೆ ಎಸ್ಟಿಮೇಟ್ ತಗೊಂಡು ಕೆಲಸ ಆದ ಹಾಗೆ ಕಂತಿನಲ್ಲಿ ಬಿಡುತ್ತಾರೆ.

ಇನ್ನು ಮುಖ್ಯ ವಿಷಯ. ಮನೆ ಯಾರ ಹೆಸರಲ್ಲಿದೆ? ಪಿತ್ರಾರ್ಜಿತ ಆಗಿದ್ದರೆ ಅಣ್ಣ ತಮ್ಮಂದಿರ ಸಹಿ ಅಷ್ಟೇ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮ ಪಾಲು. ತಂದೆ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಂಶವೃಕ್ಷ ತರಿಸಿ, ಅದರಲ್ಲಿರೋ ಪ್ರತಿಯೊಬ್ಬರ ಸಹಿ ಬೇಕು. ಮದುವೆಯಾಗಿ ದೂರ ಹೋದವರನ್ನು "ಅವಳೇನೂ ಕೇಳಲ್ಲ ಬಿಡ್ರಿ" ಅಂತ ಬಿಟ್ಟುಬಿಡುತ್ತಾರೆ, ಕೇಸು ಬರೋದು ಅಲ್ಲಿಂದಲೇ. ಇಸಿ (ಆಸ್ತಿ ಮೇಲಿನ ಮಾರಾಟ, ಸಾಲದ ದಾಖಲೆ ತೋರಿಸೋ ಋಣಭಾರ ಪತ್ರ) ಆನ್‌ಲೈನಿನಲ್ಲಿ 2004ರಿಂದ ಈಚಿನದು ಮಾತ್ರ ಸಿಗುತ್ತದೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಕೊಡಿ. ಪತ್ರದಲ್ಲಿರೋ ಚಕ್ಕುಬಂದಿ (ನಾಲ್ಕು ಕಡೆಯ ಗಡಿ) ಜಾಗದಲ್ಲಿ ನಿಂತು ತಾಳೆ ನೋಡಿ. ಹಳೇ ಓಣಿಯಲ್ಲಿ ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ ಇರುತ್ತದೆ, ನಾಳೆ ನೀವು ತೊಲೆ ತೆಗೆಯೋಕೆ ಹೋದರೆ ಅವರು ತಡೆಯಬಹುದು.

ಹೊಸ ಮನೆಗೆ ಲೇಔಟ್ ಮಂಜೂರಾತಿ, ಎನ್‌ಎ (ಕೃಷಿಯೇತರ ಬಳಕೆ) ಆದೇಶ, ಕಟ್ಟಡ ಪರವಾನಗಿ ಕೇಳಿ. ಇ-ಖಾತೆ ಇಲ್ಲದೆ ಎರಡೂ ರಿಜಿಸ್ಟರ್ ಆಗಲ್ಲ.

ತೊಲೆ ಜಂತಿ ರಾಯಚೂರು:

ನಾವು ಇಂಥದೇ ಹಳೇ ಮನೆ ತಗೊಂಡು ಅದರಲ್ಲೇ ಇದ್ದೇವೆ. ಖುಷಿಯಾಗಿದ್ದೇವೆ, ಮತ್ತೆ ಕೇಳಿದರೂ ಅದನ್ನೇ ತಗೊಳ್ತೀವಿ. ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ. ಹೊಸ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಸ್ಲ್ಯಾಬು ಕಾವು ಬಿಡುತ್ತಾ ಇರುತ್ತದೆ, ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ಕೆಳಗೆ ಬರುತ್ತದೆ. ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದರೆ ನಿದ್ದೆ ಬರುತ್ತದೆ.

ಆದರೆ ಕೆಲಸ ಹೇಗಿರುತ್ತದೆ ಅಂತ ಪೂರ್ತಿ ಹೇಳಿಬಿಡ್ತೀನಿ. ಮಾಳಿಗೆ ಬಿಚ್ಚಿದಾಗ ಮೊದಲು ಮಣ್ಣು, ಅದರ ಕೆಳಗೆ ಒಣಗಿ ಪುಡಿಯಾದ ಬಂದರಿಕೆ ಸೊಪ್ಪು, ಅದರ ಕೆಳಗೆ ಕಟ್ಟಿಗೆ ಚಕ್ಕೆ, ಆಮೇಲೆ ಜಂತಿ. ಸೊಪ್ಪು ಎತ್ತಿದ ಕಡೆಯೆಲ್ಲ ಚೇಳು. ಮಣ್ಣು ಟ್ರ್ಯಾಕ್ಟರ್‌ಗಟ್ಟಲೆ ಬಂತು, ಓಣಿಗೆ ಟ್ರ್ಯಾಕ್ಟರ್ ಬರಲ್ಲ, ಬುಟ್ಟಿಯಲ್ಲಿ ಹೊತ್ತು ರಸ್ತೆಗೆ ತರಬೇಕು. ಮರಳು, ಜಲ್ಲಿ ಒಳಗೆ ತರೋದೂ ಹಾಗೇ. ಮೇಸ್ತ್ರಿ ಕೊಟ್ಟ ರೇಟಿನಲ್ಲಿ ಈ ಹೊರೋ ಕೂಲಿ ಸೇರಿದೆಯಾ ಕೇಳಿ, ಬಹಳ ಸಲ ಸೇರಿರಲ್ಲ. ಸಾಗುವಾನಿ ತೊಲೆ ಚೆನ್ನಾಗಿದ್ದವನ್ನು ಮತ್ತೆ ಹಾಕಿಸಿದೆವು, ಕೆಟ್ಟ ತುದಿ ಕತ್ತರಿಸಿ ಸಣ್ಣ ಕೋಣೆಗೆ ಬಳಸಿದೆವು, ಅದರಲ್ಲಿ ದುಡ್ಡು ಉಳಿಯಿತು.

ನಾವು ಎರಡು ಕೋಣೆ ಮೊದಲು ಮುಗಿಸಿ ಅದರಲ್ಲಿ ಇದ್ದುಕೊಂಡು ಉಳಿದದ್ದು ಮಾಡಿಸಿದೆವು. ಬಾಡಿಗೆ ಉಳಿಯಿತು, ಆದರೆ ಊಟದ ತಟ್ಟೆ ಮೇಲೂ ಧೂಳು. ನಿಮ್ಮ ಅತ್ತೆಗೆ ದಮ್ಮು ಏನಾದ್ರೂ ಇದ್ರೆ ಇದು ಬೇಡವೇ ಬೇಡ. ಬಾವಿ ಇದೆ ಅಂತ ಖುಷಿ ಪಡೋಕೆ ಮುಂಚೆ ನೀರು ಪರೀಕ್ಷೆ ಮಾಡಿಸಿ, ನಮ್ಮ ಎರಡೂ ಜಿಲ್ಲೆಯಲ್ಲಿ ಫ್ಲೋರೈಡ್ ಇದೆ.

ಗವಿಮಠ ರಸ್ತೆ:

ನಾನು ಅದೇ ಹಳೇ ಊರಿನ ಸೊಸೆ, ದೊಡ್ಡ ಮನೆಯಲ್ಲೇ ಇದ್ದೇನೆ. ಒಂದೇ ಮಾತು ಕೇಳ್ತೀನಿ. ಅಷ್ಟು ದೊಡ್ಡ ಪಡಸಾಲೆ, ಹಿತ್ತಲು ದಿನಾ ಕಸ ಹೊಡೆದು ನೀರು ಹಾಕೋರು ಯಾರು? ನೀವು ಕೆಲಸಕ್ಕೆ ಹೋಗ್ತೀರಾ? ನಳ ದಿನಾ ಬರಲ್ಲ, ಬಂದಾಗ ತುಂಬಿಸಿಕೊಳ್ಳೋಕೆ ಸಂಪು ಇಲ್ಲದ ಮನೆಯಲ್ಲಿ ಹೆಂಗಸರಿಗೆ ಬಿಡುವೇ ಇರಲ್ಲ. ಅತ್ತೆಯವರಿಗೆ ರಾತ್ರಿ ಹಿತ್ತಲ ಮೂಲೆವರೆಗೆ ನಡೆಯೋಕೆ ಆಗುತ್ತಾ? ಮೊದಲು ಅವರನ್ನು ಕೇಳಿ. ಯಜಮಾನರಿಗೆ ದೊಡ್ಡ ಮನೆ ಬೇಕು ಅಂದ್ರಿ, ಅವರು ಹಿತ್ತಲ ಕೆಲಸ ಮಾಡ್ತಾರಾ ಅದನ್ನೂ ಕೇಳಿ.

ಪಡಸಾಲೆ ಕೊಪ್ಪಳ:

ಎಲ್ಲರಿಗೂ ತುಂಬಾ ಧನ್ಯವಾದ. ಮಳೆ ಬಂದ ಮರುದಿನ ಬೆಳಿಗ್ಗೆ ಏಣಿ ತಗೊಂಡು ಹೋದೆವು. ಪಡಸಾಲೆಯ ತೊಲೆಗಳು ಗಟ್ಟಿ ಇವೆ, ಸ್ಕ್ರೂಡ್ರೈವರ್ ತುದಿಯೂ ಇಳಿಯಲಿಲ್ಲ. ಹಿಂದಿನ ಕೋಣೆಯಲ್ಲಿ ಮಾತ್ರ ಹಿಡಿವರೆಗೂ ಹೋಯಿತು, ಒಳಗಿಂದ ಒದ್ದೆ ಪುಡಿ ಉದುರಿತು. ಆ ಹಳೇ ಮನೆ ಮಾರುವವರಿಗೆ ಇಬ್ಬರು ಅಕ್ಕಂದಿರಿದ್ದಾರೆ, ಒಬ್ಬರು ಸಹಿ ಮಾಡಲ್ಲ ಅಂತ ಕೂತಿದ್ದಾರಂತೆ. ಇದನ್ನು ನಾವು ಕೇಳೋವರೆಗೆ ಯಾರೂ ಹೇಳಿರಲಿಲ್ಲ. ಬ್ಯಾಂಕಿನವರು ಆ ಮನೆಗೆ 18ಕ್ಕಿಂತ ಮೇಲೆ ಕಷ್ಟ ಅಂದರು. ನಮ್ಮ 11 ಸೇರಿಸಿದರೆ 29, ಮನೆ ಕೈಗೆ ಬರೋಕೇ 32 ದಾಟುತ್ತದೆ. ರಿಪೇರಿ ಮಾತು ಆಮೇಲೆ.

ಅತ್ತೆಯವರನ್ನು ಕೂರಿಸಿಕೊಂಡು ಕೇಳಿದೆ. "ನನಗೆ ಬಚ್ಚಲು ಹತ್ತಿರ ಇರಲಿ, ಬಾಗಿಲಲ್ಲಿ ಕೂರೋಕೆ ಒಂದು ಕಟ್ಟೆ ಇರಲಿ ಸಾಕು" ಅಂದರು. ಯಜಮಾನರು ಬೇಜಾರು ಮಾಡಿಕೊಂಡಿದ್ದಾರೆ, ನನಗೂ ಸಂಕಟ ಇದೆ. ಆದರೆ ಭಾಗ್ಯನಗರದ ಕಡೆ ಮನಸ್ಸು ಮಾಡಿದ್ದೇವೆ. 32ಕ್ಕೆ ಇಳಿದಿದ್ದಾರೆ. ಮಾಲೀಕರು "ಮೇಲೆ ಇನ್ನೊಂದು ಫ್ಲೋರ್ ಆರಾಮಾಗಿ ಎಬ್ಬಿಸಬಹುದು" ಅಂತಿದ್ದಾರೆ. ಮುಂದೆ ಅಲ್ಲೇ ಒಂದು ದೊಡ್ಡ ಹಾಲ್ ಕಟ್ಟಿಕೊಳ್ಳೋ ಆಸೆ. ಅವರ ಮಾತನ್ನು ನಂಬಬಹುದಾ?

ಸೈಟ್ ಇಂಜಿನಿಯರ್ ಗಂಗಾವತಿ:

ಒಳ್ಳೇದಾಯಿತು ಅಕ್ಕ. 32ಕ್ಕೆ ರಿಜಿಸ್ಟ್ರೇಷನ್ ಸೇರಿ 34 ಲಕ್ಷ 43 ಸಾವಿರ, ಕೈಯಲ್ಲಿ ಒಂದೂವರೆ ಲಕ್ಷ ಉಳಿಯುತ್ತದೆ. 25 ಲಕ್ಷಕ್ಕೆ ಎಂಟೂವರೆ ಬಡ್ಡಿ, 20 ವರ್ಷ ಅಂತ ಹಿಡಿದರೆ ಇಎಂಐ 21,700 ಆಸುಪಾಸು. ಹಳೇ ಮನೆ ಆಗಿದ್ದರೆ ಕೆಲಸ ಮುಗಿಯೋವರೆಗೆ ಕಂತಿನ ಜೊತೆ ಬಾಡಿಗೆಯೂ ನಡೀತಿತ್ತು. ಉಳಿದ ದುಡ್ಡಲ್ಲಿ ಮೊದಲ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಇಲ್ಲ ಬಿಳಿ ಟೈಲ್ಸ್ ಚೂರು ಹಾಸಿಸಿ. ಕಾವು ಕಡಿಮೆಯಾಗುತ್ತದೆ.

ಮೇಲಿನ ಫ್ಲೋರ್ ವಿಷಯ ಬಾಯಿ ಮಾತಲ್ಲಿ ನಂಬಬೇಡಿ. ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಕಾಲಂ ಇಟ್ಟು ಕಟ್ಟಿದ್ದಾರಾ, ಬರೀ ಇಟ್ಟಿಗೆ ಗೋಡೆ ಮೇಲೆ ಸ್ಲ್ಯಾಬಾ ನೋಡಿ. ತಾರಸಿ ಮೇಲೆ ಕಾಲಂ ಕಬ್ಬಿಣ ಬಿಟ್ಟಿದ್ದಾರೆ ಅಂದ ಮಾತ್ರಕ್ಕೆ ಕೆಳಗೆ ಬುನಾದಿ ಸರಿ ಇದೆ ಅಂತಲ್ಲ. ಡ್ರಾಯಿಂಗ್ ಇಲ್ಲ ಅಂದರೆ ಮನೆ ಹೊರಗೆ ಒಂದು ಕಾಲಂ ಪಕ್ಕ ಗುಂಡಿ ತೋಡಿಸಿ, ಫುಟಿಂಗ್ (ಕಾಲಂ ಕೆಳಗಿನ ಪಾದ) ಎಷ್ಟು ಅಗಲ, ಎಷ್ಟು ಆಳ, ಎರೆ ಮೇಲೆ ಕೂತಿದೆಯಾ ಗರಸಿನ ಮೇಲಾ ಅಂತ ಒಬ್ಬ ಇಂಜಿನಿಯರಿಗೆ ತೋರಿಸಿ. ಅರ್ಧ ದಿನದ ಕೆಲಸ. ಪರವಾನಗಿಯಲ್ಲಿ ಮೇಲಿನ ಫ್ಲೋರ್ ಇದೆಯಾ ಅದನ್ನೂ ನೋಡಿ. ಗುಂಡಿ ತೋಡೋಕೆ ಮಾಲೀಕರು ಒಪ್ಪದಿದ್ದರೆ ಮೇಲೆ ಕಟ್ಟೋಕೆ ಬರಲ್ಲ ಅಂತಲೇ ಹಿಡಿದು ರೇಟು ಇನ್ನೊಮ್ಮೆ ಮಾತಾಡಿ.