ತಲೆಬುರುಡೆಯ ತೂತುಗಳು ತಲೆಗೆ ಹತ್ತುತ್ತಿಲ್ಲ, ಗೊತ್ತಿರುವವರು ದಾರಿ ಹೇಳಿ

ಕೇಳಿದವರು: ಎಂಬಿಬಿಎಸ್ ಮೊದಲ ವರ್ಷ, ಹಾಸನ
ಇನ್ನು ಮೂರು ವಾರಕ್ಕೆ ಮೂಳೆ ವೈವಾ (ಬಾಯಿ ಪರೀಕ್ಷೆ). ಫೊರಾಮೆನ್‌ಗಳ (ನರ, ರಕ್ತನಾಳ ಹಾಯುವ ಮೂಳೆಯ ತೂತುಗಳ) ಪಟ್ಟಿ ಬಾಯಿಪಾಠ ಆಗಿದೆ. ಆದರೆ ಬುರುಡೆಯ ಒಂದು ತೂತಿಗೆ ಕಡ್ಡಿ ತೂರಿಸಿ "ಇದರಲ್ಲಿ ಏನು ಹೋಗುತ್ತೆ?" ಅಂತ ಕೇಳಿದರೆ ಓವೇಲೆ ಯಾವುದು, ಲ್ಯಾಸರಮ್ ಯಾವುದು ಅಂತಲೇ ತಿಳಿಯಲ್ಲ. ಉದ್ದ ಮೂಳೆಗಳ ನ್ಯೂಟ್ರಿಯೆಂಟ್ ಫೊರಾಮೆನ್ (ಮೂಳೆಯೊಳಗೆ ರಕ್ತನಾಳ ಇಳಿಯುವ ತೂತು) ಅಂತೂ ಕಣ್ಣಿಗೇ ಬೀಳಲ್ಲ. ರೂಮಲ್ಲಿ ಪ್ಲಾಸ್ಟಿಕ್ ಬುರುಡೆ ಇದೆ, ಕಾಲೇಜಿನ ಬೋನ್ ಸೆಟ್ ವಾರಕ್ಕೆ ಎರಡು ದಿನ ಕೈಗೆ ಸಿಗುತ್ತೆ. ಹೇಗೆ ಓದಬೇಕು, ಸರ್, ಮೇಡಂ, ಸೀನಿಯರ್‌ಗಳು ಯಾರಾದರೂ ಹೇಳಿ.

ಅನಾಟಮಿ ಕಲಿಸುವವರು, ಹಾಸನ
ಪಟ್ಟಿ ಪಕ್ಕಕ್ಕಿಡಮ್ಮ. ಮೊದಲು ಬುರುಡೆ ಹಿಡಿಯೋದು ಕಲಿ. ಕಣ್ಣುಗೂಡಿನ ಕೆಳ ಅಂಚು ಮತ್ತು ಕಿವಿತೂತಿನ ಮೇಲಂಚು ಒಂದೇ ಮಟ್ಟಕ್ಕೆ ಬಂದರೆ ಬುರುಡೆ ಸರಿಯಾಗಿ ಕೂತಿದೆ ಅಂತ. ಅಡಿಗೆ ಬಟ್ಟೆಯ ಸಿಂಬಿ ಸುತ್ತಿಡು, ಉರುಳಲ್ಲ. ಕಣ್ಣುಗೂಡಿಗೆ ಬೆರಳು ಹಾಕಿ ಎತ್ತಲೇಬೇಡ. ಅದರ ಒಳಗೋಡೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಒತ್ತಿದರೆ ಪುಡಿ.

ಈಗ ಬುರುಡೆಯ ಮುಚ್ಚಳ ತೆಗೆದು ಮಧ್ಯದ ಗುಂಡಿ ನೋಡು. ಬುರುಡೆ ಬುಡದ ನಡುವಿನ ಸ್ಫೀನಾಯ್ಡ್ ಮೂಳೆಯ ಗ್ರೇಟರ್ ವಿಂಗ್ (ದೊಡ್ಡ ರೆಕ್ಕೆ) ಮೇಲೆ ಮೂರು ತೂತು ಬಾಗಿದ ಸಾಲಾಗಿವೆ: ಮುಂದೆ ಒಳಬದಿಗೆ ರೊಟಂಡಮ್, ಆಮೇಲೆ ಓವೇಲೆ, ಹಿಂದೆ ಹೊರಬದಿಗೆ ಸ್ಪೈನೋಸಮ್. ಎಲ್ಲರೂ ರೊಟಂಡಮ್‌ನಿಂದ ಶುರು ಮಾಡಿ ದಾರಿ ತಪ್ಪುತ್ತಾರೆ. ಸ್ಪೈನೋಸಮ್‌ನಿಂದ ಶುರು ಮಾಡು. ಕಿವಿಬದಿಯ ಟೆಂಪೊರಲ್ ಮೂಳೆಯ ಒಳಮೈಯಲ್ಲಿ ಮರದ ಕೊಂಬೆಯಂತೆ ಕವಲೊಡೆದ ಜಾಡು ಇದೆ, ಮಿದುಳ ಹೊದಿಕೆಯ ಅಪಧಮನಿ ಮಿಡಲ್ ಮೆನಿಂಜಿಯಲ್ ಆರ್ಟರಿ ಕೂತಿದ್ದ ಜಾಗ. ಉಗುರಿನ ತುದಿಯನ್ನು ಆ ಜಾಡಿಗೆ ಕೊಟ್ಟು ಕೆಳಕ್ಕೆ ಎಳೆದುಕೊಂಡು ಬಾ. ಉಗುರು ಹೋಗಿ ನಿಲ್ಲುವ ಸಣ್ಣ ತೂತೇ ಸ್ಪೈನೋಸಮ್, ಅಗಲ ಸುಮಾರು 2 ಮಿ.ಮೀ. ಅದಕ್ಕೆ ಅಂಟಿಕೊಂಡಂತೆ ಮುಂದಿರುವ ಮೊಟ್ಟೆಯಾಕಾರದ ದೊಡ್ಡದು ಓವೇಲೆ, ಸರಿಸುಮಾರು 7 ಮಿ.ಮೀ. ಉದ್ದ, 4 ಮಿ.ಮೀ. ಅಗಲ. ಮ್ಯಾಂಡಿಬ್ಯುಲರ್ (ಕೆಳದವಡೆಯ) ನರ, ಆಕ್ಸೆಸರಿ ಮೆನಿಂಜಿಯಲ್ ಆರ್ಟರಿ, ಲೆಸರ್ ಪೆಟ್ರೋಸಲ್ ನರ, ಎಮಿಸರಿ ವೇನ್ (ಬುರುಡೆಯ ಒಳಹೊರಗಿನ ಅಭಿಧಮನಿಗಳನ್ನು ಕೂಡಿಸುವ ಸಣ್ಣ ನಾಳ) ಇದರಲ್ಲಿ ಹೋಗುತ್ತವೆ. ಇಂಗ್ಲಿಷ್ ಮೊದಲಕ್ಷರ ಕೂಡಿಸಿದರೆ 'ಮೇಲ್' (MALE).

ಬುರುಡೆಯನ್ನು ಬೋರಲು ಹಾಕಿ ಕೇಳಿದಾಗ ಇನ್ನೊಂದು ಬಲೆ ಕಾದಿರುತ್ತೆ. ಕೆಳಗಿಂದ ರೊಟಂಡಮ್ ಕಾಣೋದೇ ಇಲ್ಲ, ಅದು ಮುಂದಕ್ಕೆ ಮೇಲ್ದವಡೆಯ ಹಿಂದಿನ ಸಂದು ಟೆರಿಗೊಪ್ಯಾಲಟೈನ್ ಫೋಸಾಗೆ ಬಾಯಿ ತೆರೆಯುತ್ತೆ. ಬೋರಲು ಬುರುಡೆಯಲ್ಲಿ ಲ್ಯಾಟರಲ್ ಟೆರಿಗಾಯ್ಡ್ ಪ್ಲೇಟಿನ (ಸ್ಫೀನಾಯ್ಡ್‌ನಿಂದ ಕೆಳಗಿಳಿದ ಹೊರಬದಿಯ ಹಲಗೆ) ಬುಡ ಹಿಡಿದು ಹಿಂದಕ್ಕೆ ಬಂದರೆ ಸಿಗೋದು ಓವೇಲೆ. ಅಲ್ಲಿ ಕಡ್ಡಿ ಇದ್ದರೆ "ರೊಟಂಡಮ್" ಅಂದವರಿಗೆ ಮುಂದಿನ ಪ್ರಶ್ನೆ ಬರಲ್ಲ, ನಗು ಬರುತ್ತೆ.

ಬೋನ್ ಸೆಟ್ ಜೋಪಾನ ಮಾಡುವವರು
ಕಡ್ಡಿಯ ವಿಷಯ ಹೇಳ್ತೀನಿ. ಸ್ಟೀಲ್ ತಂತಿ, ಪಿನ್ನು, ಜಿಯೊಮೆಟ್ರಿ ಬಾಕ್ಸಿನ ಕೈವಾರ ಬುರುಡೆ ಹತ್ತಿರ ತರಬೇಡಿ. ತೆಂಗಿನ ಪೊರಕೆ ಕಡ್ಡಿ ಸಾಕು, ಚೂಪು ತುದಿ ಕತ್ತರಿಸಿ ಕಲ್ಲಿಗೆ ಉಜ್ಜಿ. ಬಾಗಿದ ದಾರಿಗಳಿಗೆ ಕರೆಂಟ್ ಕೆಲಸದವರು ಬಿಸಾಡುವ ಪ್ಲಾಸ್ಟಿಕ್ ಹೊದಿಕೆಯ ತೆಳು ವೈರ್ ಒಳ್ಳೇದು. ಕೆಂಪು ಅಪಧಮನಿಗೆ, ನೀಲಿ ಅಭಿಧಮನಿಗೆ, ಹಳದಿ ನರಕ್ಕೆ. ಅರ್ಧ ಅಡಿ ತುಂಡು ಹತ್ತು ಇದ್ದರೆ ಇಡೀ ಬುರುಡೆ ಓದಬಹುದು.

ಕಾರಟಿಡ್ ಕೆನಾಲ್‌ಗೆ (ಮಿದುಳಿಗೆ ಹೋಗುವ ಇಂಟರ್ನಲ್ ಕಾರಟಿಡ್ ಅಪಧಮನಿಯ ದಾರಿ) ನೆಟ್ಟಗಿನ ಕಡ್ಡಿ ಹಾಕಿ "ಆಚೆ ಬರ್ತಿಲ್ಲ" ಅಂತ ಒತ್ತುವವರು ಜಾಸ್ತಿ. ಅದು ಮೇಲಕ್ಕೆ ಹೋಗಿ ಹೆಚ್ಚುಕಡಿಮೆ ಲಂಬಕೋನದಲ್ಲಿ ಮುಂದಕ್ಕೂ ಒಳಕ್ಕೂ ತಿರುಗುತ್ತೆ. ವೈರ್ ಬಾಗಿಸಿ ಬಿಟ್ಟರೆ ಲ್ಯಾಸರಮ್‌ನ ಹಿಂಗೋಡೆಯಲ್ಲಿ ತಲೆ ಹಾಕುತ್ತೆ. ಸ್ಟೈಲೊಮ್ಯಾಸ್ಟಾಯ್ಡ್ ತೂತಿಗೆ ಹಾಕಿದ್ದು ಮುಖದ ನರದ ದಾರಿ ಫೇಶಿಯಲ್ ಕೆನಾಲ್‌ನ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಅಲ್ಲಿ 5 ಮಿ.ಮೀ. ಹೋದರೆ ಸಾಕು, ತಳ್ಳಬೇಡಿ. ಮೂಗಿನ ಮಾಡಿನ ಕ್ರಿಬ್ರಿಫಾರ್ಮ್ ಪ್ಲೇಟಿಗೆ ಏನನ್ನೂ ಚುಚ್ಚಬೇಡಿ. ಅದು ಆಗಲೇ ಜರಡಿ, ನೀವು ಇನ್ನೊಂದು ತೂತು ಮಾಡೋದು ಬೇಡ.

ಕೇಳಿದವರು
ಸರ್, ಲ್ಯಾಸರಮ್‌ನಲ್ಲಿ ಇಂಟರ್ನಲ್ ಕಾರಟಿಡ್ ಹೋಗುತ್ತೆ ಅಂತ ಒಂದು ಕಡೆ, ಹೋಗಲ್ಲ ಅಂತ ಇನ್ನೊಂದು ಕಡೆ ಇದೆಯಲ್ಲ?

ಅನಾಟಮಿ ಕಲಿಸುವವರು, ಹಾಸನ
ಒಣ ಮೂಳೆ ಮಾಡುವ ಮೋಸ ಅದು. ಬದುಕಿರುವಾಗ ಲ್ಯಾಸರಮ್‌ನ ಕೆಳಭಾಗವನ್ನು ಮೃದ್ವಸ್ಥಿ ಮುಚ್ಚಿರುತ್ತೆ. ಕಾರಟಿಡ್ ಅದರ ಮೇಲ್ಭಾಗದಲ್ಲಿ ಅಡ್ಡ ಹಾಯುತ್ತೆ, ಮೇಲಿಂದ ಕೆಳಕ್ಕೆ ತೂರಿ ಹೋಗಲ್ಲ. ಪೂರ್ತಿ ದಾಟುವುದು ಅಸೆಂಡಿಂಗ್ ಫ್ಯಾರಿಂಜಿಯಲ್‌ನ ಮೆನಿಂಜಿಯಲ್ ಕವಲು ಮತ್ತು ಎಮಿಸರಿ ವೇನ್‌ನಂಥ ಸಣ್ಣವು ಮಾತ್ರ. ವೈವಾದಲ್ಲಿ "ಹಾದುಹೋಗುತ್ತೆ" ಅನ್ನದೆ "ಮೇಲ್ಭಾಗದಲ್ಲಿ ಅಡ್ಡ ದಾಟುತ್ತೆ" ಅಂತ ಹೇಳು.

ತಲೆಯ ರಕ್ತ ಕೆಳಗಿಳಿಯುವ ಜುಗುಲರ್ ಫೊರಾಮೆನ್ ಎರಡು ಬದಿ ಒಂದೇ ಅಳತೆ ಇಲ್ಲ ಅಂತ ಗಾಬರಿ ಬೀಳಬೇಡ. ಸಾಮಾನ್ಯವಾಗಿ ಬಲಗಡೆಯದೇ ದೊಡ್ಡದು, ಯಾಕೆಂದರೆ ಸುಪೀರಿಯರ್ ಸಜಿಟಲ್ ಸೈನಸ್‌ನ (ಮಿದುಳ ಮೇಲಿನ ಅಭಿಧಮನಿ ಕಾಲುವೆ) ರಕ್ತ ಹೆಚ್ಚಾಗಿ ಬಲಕ್ಕೇ ತಿರುಗುತ್ತೆ. ಮುಂದಿನಿಂದ ಹಿಂದಕ್ಕೆ: ಇನ್ಫೀರಿಯರ್ ಪೆಟ್ರೋಸಲ್ ಸೈನಸ್, ನಡುವೆ 9, 10, 11ನೇ ಕಪಾಲ ನರಗಳು, ಹಿಂದೆ ಸಿಗ್ಮಾಯ್ಡ್ ಸೈನಸ್ ಇಂಟರ್ನಲ್ ಜುಗುಲರ್ ವೇನ್ ಆಗುವ ಜಾಗ. 12ನೆಯದು ಇಲ್ಲಿಲ್ಲ, ಅದಕ್ಕೆ ಹೈಪೊಗ್ಲಾಸಲ್ ಕೆನಾಲ್ ಬೇರೆಯೇ ಇದೆ. ಬುರುಡೆ ಬುಡದ ದೊಡ್ಡ ತೂತು ಫೊರಾಮೆನ್ ಮ್ಯಾಗ್ನಮ್‌ನ ಪಕ್ಕದ ಗೋಡೆಯಿಂದ ವೈರ್ ಬಿಟ್ಟರೆ ಕಾಂಡೈಲ್‌ನ (ಬುರುಡೆ ಕುತ್ತಿಗೆಮೂಳೆಗೆ ಕೂಡುವ ಉಬ್ಬು) ಮುಂಭಾಗದ ಮೇಲೆ ಹೊರಗೆ ಬರುತ್ತೆ. ಕಾಂಡೈಲ್‌ನ ಹಿಂದೆ ಬಂದರೆ ಅದು ಕಾಂಡೈಲರ್ ಕೆನಾಲ್, ಒಂದು ಬದಿಯಲ್ಲಿ ಇಲ್ಲದೆಯೂ ಇರಬಹುದು.

ಮೂಳೆ ಡಾಕ್ಟರ್, ಚಿಕ್ಕಮಗಳೂರು
ನ್ಯೂಟ್ರಿಯೆಂಟ್ ಫೊರಾಮೆನ್ ಕಾಣದಿರೋದು ಟ್ಯೂಬ್‌ಲೈಟ್ ಕೆಳಗೆ ಹುಡುಕೋದಕ್ಕೆ. ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಮೂಳೆಯ ಮೈಗೆ ಒರಗಿಸಿ ಅಡ್ಡಡ್ಡ ಬೆಳಕು ಬಿಡಿ, ಮೂಳೆಯನ್ನು ನಿಧಾನ ಹೊರಳಿಸಿ. ತೂತಿಗಿಂತ ಮೊದಲು ಅದಕ್ಕೆ ಇಳಿಯುವ ಸಣ್ಣ ಕಾಲುವೆಯ ನೆರಳು ಕಾಣುತ್ತೆ. ಒಂದು ಬದಿ ಇಳಿಜಾರಾಗಿ ಕಾಲುವೆಗೆ ಕೂಡಿರುತ್ತೆ, ಎದುರು ಬದಿಯ ಅಂಚು ಕೈಗೆ ತಗಲುವಷ್ಟು ಎದ್ದಿರುತ್ತೆ. ರಕ್ತನಾಳ ಬರೋದು ಇಳಿಜಾರಿನಿಂದ.

ದಿಕ್ಕಿಗೆ ಒಂದೇ ಮಾತು: ಮೊಣಕೈಗೆ ಹೋಗುತ್ತೆ, ಮೊಣಕಾಲಿಂದ ಓಡುತ್ತೆ. ತೋಳಿನ ಹ್ಯೂಮರಸ್‌ನಲ್ಲಿ ಕೆಳಕ್ಕೆ, ಮುಂಗೈಯ ರೇಡಿಯಸ್ ಅಲ್ನಾಗಳಲ್ಲಿ ಮೇಲಕ್ಕೆ, ತೊಡೆಯ ಫೀಮರ್‌ನಲ್ಲಿ ಮೇಲಕ್ಕೆ, ಮೊಣಕಾಲ ಕೆಳಗಿನ ಟಿಬಿಯಾ ಫಿಬುಲಾಗಳಲ್ಲಿ ಕೆಳಕ್ಕೆ. ಕಾರಣ ಕೇಳೇ ಕೇಳ್ತಾರೆ: ಹೆಚ್ಚು ಬೆಳೆಯುವ ತುದಿ ಯಾವುದೋ ಅದರಿಂದ ದೂರಕ್ಕೆ ರಂಧ್ರ ತಿರುಗಿರುತ್ತೆ. ಫೀಮರ್ ಜಾಸ್ತಿ ಬೆಳೆಯೋದು ಮೊಣಕಾಲಿನ ಕಡೆ, ಹ್ಯೂಮರಸ್ ಭುಜದ ಕಡೆ. ಫಿಬುಲಾದ ರಂಧ್ರ ಈ ನಿಯಮ ಪಾಲಿಸುತ್ತೆ, ಆಸಿಫಿಕೇಶನ್ (ಮೂಳೆಗಟ್ಟುವ ಕ್ರಮ) ಮಾತ್ರ ಪಾಲಿಸಲ್ಲ: ಕೆಳತುದಿಯ ಕೇಂದ್ರವೇ ಮೊದಲು ಮೂಡಿ ಮೊದಲೇ ಬೆಸೆಯುತ್ತೆ. ಇದು ಪರೀಕ್ಷಕರ ಮೆಚ್ಚಿನ ಪ್ರಶ್ನೆ.

ಜಾಗ: ಫೀಮರ್‌ದು ಲೀನಿಯಾ ಆಸ್ಪೆರಾ (ಹಿಂಬದಿಯ ಒರಟು ಏಣು) ಹತ್ತಿರ, ಎರಡಿದ್ದರೂ ಇರಬಹುದು. ಟಿಬಿಯಾದ್ದು ಹಿಂಬದಿಯಲ್ಲಿ, ಸೋಲಿಯಲ್ ಗೆರೆಯ ಕೆಳಗೆ. ಮೈಯಲ್ಲೇ ಅತಿ ದೊಡ್ಡ ನ್ಯೂಟ್ರಿಯೆಂಟ್ ಫೊರಾಮೆನ್, ಕಲಿಕೆಗೆ ಇದರಿಂದಲೇ ಶುರು ಮಾಡಿ. ಅದು ಮೂಳೆಯ ಮೇಲಿನ ಮೂರನೇ ಒಂದು ಭಾಗದಲ್ಲಿದೆ ಅನ್ನೋದು ಬರೀ ಅಂಕಕ್ಕಲ್ಲ. ಟಿಬಿಯಾ ಕೆಳಗಡೆ ಮುರಿದರೆ ಒಳಗಿನಿಂದ ಇಳಿಯುವ ರಕ್ತ ಕಡಿದುಹೋಗುತ್ತೆ, ಸುತ್ತ ಮಾಂಸಖಂಡದ ಆಸರೆಯೂ ಕಡಿಮೆ, ಅದಕ್ಕೇ ಅಲ್ಲಿ ಕೂಡಿಕೊಳ್ಳೋದು ತಡ.

ಇನ್ನೊಂದು. ಹ್ಯೂಮರಸ್‌ನ ಕೆಳತುದಿಯಲ್ಲಿ ಆರಪಾರ ತೂತಿದ್ದರೆ ಅದು ಸುಪ್ರಾಟ್ರಾಕ್ಲಿಯರ್, ನರವೂ ಇಲ್ಲ ನಾಳವೂ ಇಲ್ಲ. ಎರಡು ಹಳ್ಳದ ನಡುವಿನ ತೆಳು ಮೂಳೆ ಕೆಲವರಲ್ಲಿ ಇರೋದೇ ಇಲ್ಲ, ಅಷ್ಟೇ.

ಹಲ್ಲಿನ ಡಾಕ್ಟರ್, ಚಿಕ್ಕಮಗಳೂರು
ಮೇಲಿನವರು ದವಡೆ ಬಿಟ್ಟರು. ಗಲ್ಲದ ಬಳಿಯ ಮೆಂಟಲ್ ಫೊರಾಮೆನ್ ದೊಡ್ಡವರಲ್ಲಿ ಎರಡನೇ ಪ್ರಿಮೋಲಾರ್ (ಮುಂದವಡೆ ಹಲ್ಲು) ಕೆಳಗೆ ಅಥವಾ ಎರಡು ಪ್ರಿಮೋಲಾರ್‌ಗಳ ನಡುವೆ, ಬಾಯಿ ಹಿಂದಕ್ಕೂ ಮೇಲಕ್ಕೂ ತಿರುಗಿರುತ್ತೆ. ದವಡೆ ಎಡವೋ ಬಲವೋ ಅಂತ ತುಂಡು ಕೊಟ್ಟು ಕೇಳಿದರೆ ಇದೇ ಸುಳಿವು. ವಯಸ್ಸನ್ನೂ ಹೇಳುತ್ತೆ: ಕೂಸಿನಲ್ಲಿ ಕೆಳಅಂಚಿಗೆ ಹತ್ತಿರ, ದೊಡ್ಡವರಲ್ಲಿ ನಡುವೆ, ಹಲ್ಲೆಲ್ಲ ಉದುರಿದ ಮುದುಕರಲ್ಲಿ ಮೇಲಂಚಿಗೆ ಹತ್ತಿರ. ರಂಧ್ರ ಮೇಲೆ ಹತ್ತಿದ್ದಲ್ಲ, ಮೇಲಿನ ಮೂಳೆ ಕರಗಿದ್ದು. ಅಂಥವರಿಗೆ ಹಲ್ಲಿನ ಸೆಟ್ ಅದರ ಮೇಲೆ ಒತ್ತಿದರೆ ಕೆಳತುಟಿ ಜುಮ್ಮೆನ್ನುತ್ತೆ.

ಮ್ಯಾಂಡಿಬ್ಯುಲರ್ ಫೊರಾಮೆನ್ ಒಳಮೈಯಲ್ಲಿ, ರೇಮಸ್‌ನ (ದವಡೆಯ ನೆಟ್ಟಗೆ ನಿಂತ ಭಾಗ) ನಡುಮಧ್ಯೆ. ಮುಂದೆ ನಾಲಗೆಯಂಥ ಲಿಂಗುಲಾ ಇದೆ, ಕೆಳಕ್ಕೆ ಮೈಲೊಹಯಾಯ್ಡ್ ಜಾಡು ಇಳಿಯುತ್ತೆ. ಕೆಳದವಡೆ ಮರಗಟ್ಟಿಸುವ ಇಂಜೆಕ್ಷನ್‌ನ ಗುರಿ ಇದೇ. ಸೂಜಿ ಸುಮಾರು 20ರಿಂದ 25 ಮಿ.ಮೀ. ಒಳಗೆ ಹೋಗಿ ಮೂಳೆ ಮುಟ್ಟಬೇಕು. ಬೇಗ ಮುಟ್ಟಿದರೆ ತುದಿ ತೀರಾ ಮುಂದಿದೆ, ಮುಟ್ಟಲೇ ಇಲ್ಲವೆಂದರೆ ಹಿಂದೆ ಪೆರೋಟಿಡ್ (ಕಿವಿಬದಿಯ ಜೊಲ್ಲುಗ್ರಂಥಿ) ಕಡೆ ಹೋಗಿದೆ. ಅಲ್ಲೇ ಮದ್ದು ಬಿಟ್ಟರೆ ಕೆಲವು ಗಂಟೆ ಮುಖದ ಆ ಬದಿ ಜೋಲುತ್ತೆ. ಮಕ್ಕಳಲ್ಲಿ ಈ ರಂಧ್ರ ಕೆಳಗಿರುತ್ತೆ, ಸೂಜಿಯೂ ಕೆಳಗೇ.

ಎಕ್ಸ್‌ರೇ ನೋಡುವವರು
ಮೆಂಟಲ್ ಫೊರಾಮೆನ್ ಫಿಲ್ಮಿನಲ್ಲಿ ಪ್ರಿಮೋಲಾರ್ ಬೇರಿನ ತುದಿಗೆ ಕಪ್ಪು ಚುಕ್ಕೆಯಾಗಿ ಕೂತು ಕೀವುಗುಳ್ಳೆಯಂತೆ ಮೋಸ ಮಾಡುತ್ತೆ. ಕೋನ ಬದಲಿಸಿ ಇನ್ನೊಂದು ಫಿಲ್ಮ್ ತೆಗೆದರೆ ರಂಧ್ರ ಬೇರಿನಿಂದ ಸರಿಯುತ್ತೆ, ಗುಳ್ಳೆ ಸರಿಯಲ್ಲ. ಉದ್ದ ಮೂಳೆಯ ನ್ಯೂಟ್ರಿಯೆಂಟ್ ಕೆನಾಲ್ ಬಿರುಕಿನಂತೆ ಕಾಣುತ್ತೆ. ಅದು ಓರೆಯಾಗಿ ಒಂದೇ ಬದಿಯ ಗಟ್ಟಿಪದರದಲ್ಲಿ, ಬಿಳಿ ಅಂಚಿನೊಂದಿಗೆ, ಮೇಲೆ ಡಾಕ್ಟರ್ ಹೇಳಿದ ಜಾಗದಲ್ಲೇ ಇರುತ್ತೆ.

ಬೋನ್ ಸೆಟ್ ಜೋಪಾನ ಮಾಡುವವರು
ಪ್ಲಾಸ್ಟಿಕ್ ಬುರುಡೆ ಬಗ್ಗೆ ಯಾರೂ ಹೇಳಲಿಲ್ಲ. ಅಗ್ಗದವುಗಳಲ್ಲಿ ರೊಟಂಡಮ್, ಸ್ಪೈನೋಸಮ್ ಬರೀ ತಗ್ಗು, ಆಚೆಗೆ ತೂತಿರಲ್ಲ. ಉದ್ದ ಮೂಳೆಗಳ ಮಾದರಿಯಲ್ಲಿ ನ್ಯೂಟ್ರಿಯೆಂಟ್ ರಂಧ್ರ ಹೆಚ್ಚಾಗಿ ಇರೋದೇ ಇಲ್ಲ. ಆದ್ದರಿಂದ ಸೆಟ್ ಸಿಗುವ ಎರಡು ದಿನ ಬುರುಡೆಯ ಬುಡ ಮತ್ತು ಟಿಬಿಯಾಗೆ ಇಡಿ, ದವಡೆ, ಕಣ್ಣುಗೂಡನ್ನು ರೂಮಿನ ಮಾದರಿಯಲ್ಲೇ ಓದಬಹುದು. ಸೆಟ್ಟಿನ ಬುರುಡೆಯಲ್ಲಿ ಸ್ಪ್ರಿಂಗು, ಕೊಕ್ಕೆ ಸಿಕ್ಕಿಸಲು ಕೊರೆದ ತೂತುಗಳೂ ಇರುತ್ತವೆ: ಪೂರ್ತಿ ದುಂಡು, ಅಂಚು ಚೂಪು, ಒಳಗೆ ಸ್ಪಂಜಿನಂಥ ಮೂಳೆ ಬಯಲಾಗಿರುತ್ತೆ. ಹುಟ್ಟಿನ ರಂಧ್ರದ ಒಳಗೋಡೆ ನುಣುಪು.

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಮನೆಗೆ ಸೆಟ್ ಒಯ್ಯುವವರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಒಂದೇ ವಾರಕ್ಕೆ ಬೂಷ್ಟು ಹಿಡಿಯುತ್ತೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಬೂಷ್ಟು ಬಂದರೆ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಅದ್ದಿದ ಹತ್ತಿಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬ್ಲೀಚಿಂಗ್ ನೀರು ಬೇಡವೇ ಬೇಡ, ಮೂಳೆ ಸೀಮೆಸುಣ್ಣದಂತೆ ಉದುರುತ್ತೆ, ಮೊದಲು ಹೋಗೋದು ಸಣ್ಣ ರಂಧ್ರಗಳ ಅಂಚೇ.