ಸಾಖಾ ಕತೆಗಳ 'ಅಲಾಸ್'ಗೆ ನಮ್ಮ 'ಹಡ್ಲು' ಆಗಬಹುದಾ?

ಗೆಳೆಯರೇ,

ಸೈಬೀರಿಯಾದ ಸಾಖಾ ಭಾಷೆಯ ಸೋವಿಯತ್ ಕಾಲದ ಕತೆಗಾರರ ಬಗ್ಗೆ ಒಂದು ಸಣ್ಣ ಪರಿಚಯ ಬರೆಯುತ್ತಿದ್ದೇನೆ. ಕೆಲವು ಪದಗಳು ಕಾಡುತ್ತಿವೆ.

ಹೆಸರಿನಿಂದಲೇ ತೊಂದರೆ ಶುರು. 'ಸಖಾ' ಅಂತ ಬರೆದರೆ ಗೆಳೆಯ ಅಂತ ಓದಿಕೊಳ್ಳುತ್ತಾರೆ. ಅದಕ್ಕೆ 'ಸಾಖಾ' ಎಂದು ಇಟ್ಟುಕೊಂಡಿದ್ದೇನೆ. ಕಾದಂಬರಿಕಾರ ನಿಕೊಲಾಯ್ ಮೊರ್ದಿನೊವ್ ಅವರ ಕಾವ್ಯನಾಮ 'ಅಮ್ಮ ಅಚ್ಚಿಗಿಯಾ'. ನಮ್ಮವರು ಇದನ್ನು ನೋಡಿ ಯಾರೋ ಹೆಂಗಸು ಅಂದುಕೊಳ್ಳುವುದು ಗ್ಯಾರಂಟಿ! ಅಲ್ಲಿ ಅಮ್ಮ ಅಂದರೆ ಒಂದು ಹೊಳೆಯ ಹೆಸರು, ರಷ್ಯನ್ನರು ಅಮ್ಗಾ ಅನ್ನುವುದು ಅದನ್ನೇ. ಅಚ್ಚಿಗಿಯಾ ಅಂದರೆ ಚಿಕ್ಕವನು. 1944ರಲ್ಲಿ ಬಂದ ಅವರ 'ಸಾಸ್ಕಿ ಕೆಮ್' ಕಾದಂಬರಿಯನ್ನು 'ವಸಂತದ ಹೊತ್ತು' ಎಂದರೆ ಸಾಕು ಅನಿಸುತ್ತೆ.

ಪ್ಲಾತೊನ್ ಓಯುನ್‌ಸ್ಕಿ ಹೆಸರಿನಲ್ಲಿ ಬೇರೆ ಮಜಾ ಇದೆ. ಹುಟ್ಟಿನ ಮನೆತನದ ಹೆಸರು ಸ್ಲೆಪ್ತ್ಸೊವ್. 'ಓಯೂನ್'ಗೆ ರಷ್ಯನ್ ಬಾಲ ಅಂಟಿಸಿ ಕಾವ್ಯನಾಮ ಮಾಡಿಕೊಂಡರು. ಓಯೂನ್ ಅಂದರೆ ಮೈಮೇಲೆ ಆವೇಶ ಬರಿಸಿಕೊಂಡು ಆತ್ಮಗಳ ಜೊತೆ ಮಾತಾಡುವವನು. ಯಾಕೂತ್ (ಸಾಖಾ ಜನರಿಗೆ ರಷ್ಯನ್ನರ ಹೆಸರು) ಸೋವಿಯತ್ ಸರ್ಕಾರದ ಮುಖ್ಯಸ್ಥರಾಗಿದ್ದ ಕಮ್ಯುನಿಸ್ಟ್ ಇಂಥ ಹೆಸರು ಇಟ್ಟುಕೊಂಡಿದ್ದರು! 1938ರಲ್ಲಿ ಅವರನ್ನು ಬಂಧಿಸಿದರು, 1939ರಲ್ಲಿ ಯಾಕೂತ್ಸ್ಕ್‌ನ ಸೆರೆಯಲ್ಲೇ ತೀರಿಕೊಂಡರು. ಓಯೂನ್‌ಗೆ 'ಮಂತ್ರವಾದಿ' ಹಾಕಿದರೆ ಮಾಟ ಮಾಡುವವನ ವಾಸನೆ ಬರುತ್ತೆ. ಕರಾವಳಿಯ 'ಪಾತ್ರಿ' ಹತ್ತಿರ, ಆದರೆ ಅದರ ಹಿಂದೆ ಇಡೀ ದೈವಸ್ಥಾನ ಬರುತ್ತದೆ. ಏನು ಮಾಡೋಣ?

ನಿಜವಾದ ತಲೆನೋವು 'ಅಲಾಸ್'. ಅಲ್ಲಿ ನೆಲದಡಿ ವರ್ಷಪೂರ್ತಿ ಹೆಪ್ಪುಗಟ್ಟಿದ ಮಂಜುಗಡ್ಡೆ. ಅದು ಕರಗಿದ ಕಡೆ ನೆಲ ಕುಸಿದು ಬಟ್ಟಲಿನಂಥ ತಗ್ಗಾಗುತ್ತೆ. ನೀರು ನಿಂತು ಕೆರೆಯಾಗುತ್ತೆ, ಕೆರೆ ಬತ್ತುತ್ತ ಬಂದರೆ ಸುತ್ತ ಒಳ್ಳೆ ಹುಲ್ಲು. ದನ, ಕುದುರೆಗಳಿಗೆ ಚಳಿಗಾಲದ ಹುಲ್ಲು ಬರುವುದು ಅಲ್ಲಿಂದಲೇ. ಹಿಂದೆ ಅದರ ಅಂಚಿನಲ್ಲಿ ಮರದ ದಿಮ್ಮಿಗಳ ಮನೆ, ಗೋಡೆಗೆ ಸಗಣಿ-ಮಣ್ಣಿನ ಲೇಪ, ಒಂದೇ ಸೂರಿನಡಿ ದನಗಳೂ ಇರುತ್ತಿದ್ದವು. ಆ ಕೊಟ್ಟಿಗೆಗೆ 'ಖೋತೋನ್' ಅಂತಾರೆ. (ನಮ್ಮ 'ಕೊಟ್ಟಿಗೆ'ಯ ಹಾಗೆ ಕೇಳಿಸುವುದು ಸುಮ್ನೆ ಕಾಕತಾಳೀಯ, ನಂಟು ಹುಡುಕಬೇಡಿ.) ಹಾಗಾಗಿ ಒಬ್ಬನ ಅಲಾಸ್ ಅಂದರೆ ಅವನ ಹುಟ್ಟೂರು, ಹಿರಿಯರ ನೆಲ ಎಲ್ಲಾ ಹೌದು. ಸಾಮೂಹಿಕ ಬೇಸಾಯದ ಕಾಲದಲ್ಲಿ ಚದುರಿದ್ದ ಮನೆಗಳನ್ನು ದೊಡ್ಡ ಹಳ್ಳಿಗಳಿಗೆ ಎಬ್ಬಿಸಿದಾಗ ಜನ ಬಿಟ್ಟು ಬಂದಿದ್ದು ಇದನ್ನೇ.

'ಹುಲ್ಲುಗಾವಲು' ಸಪ್ಪೆ. ಮಲೆನಾಡಿನ 'ಬ್ಯಾಣ' ಗುಡ್ಡದ ಕಡೆಯದು, ನೀರಿಲ್ಲ. ಕೊಡಗು, ನಾಗರಹೊಳೆ ಕಡೆ ಕಾಡಿನ ನಡುವೆ ಇರುವ ಜವುಗು ಹುಲ್ಲುಬಯಲಿಗೆ 'ಹಡ್ಲು' ಅಂತಾರಲ್ವಾ, ಅದು ಕಣ್ಣಿಗೆ ಸರಿಯಾಗಿ ಕಟ್ಟುತ್ತೆ. ಆದರೆ ಹಡ್ಲಿನಲ್ಲಿ ಯಾರೂ ಮನೆ ಕಟ್ಟಲ್ಲ. ಮೊದಲ ಸಲ 'ಅಲಾಸ್ ಎಂಬ ಹಡ್ಲು' ಎಂದು ಬರೆದು, ಆಮೇಲೆ ಬರೀ ಅಲಾಸ್ ಅಂತ ಬಿಡೋದಾ? ಆ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ 'ನಮ್ಮ ಹಡ್ಲು' ಅಂತ ಯಾರಾದರೂ ಅಕ್ಕರೆಯಿಂದ ಅಂತಾರಾ?